ಗುಬ್ಬಿ ಓದಿದ ಕಾಗದ

ಜೂನ್ ೩

ಅಕ್ಕನಿಗೆ ಪುಟ್ಟುವಿನ ನಮಸ್ಕಾರ.

ನಿನ್ನ ಕಾಗದಕ್ಕೆ ಉತ್ತರ ಬರೆಯುವುದು ತಡವಾಯಿತು, ಬೈಯಬೇಡ. ಅಂಗಡಿಯಲ್ಲಿ ಒಂದು ತಮಾಷೆ ನಡೆಯಿತು, ಮೊದಲು ಅದನ್ನು ಕೇಳು. ಒಬ್ಬ ವಕೀಲರು ಮನೆ ಬಾಗಿಲಿಗೆ ಕಲ್ಲಿನ ಫಲಕ ಬೇಕೆಂದರು. ಹಳೆಯ ಚಪ್ಪಡಿಯೊಂದಿತ್ತು. ಅದರ ಮೇಲಿದ್ದ ಅಕ್ಷರಗಳನ್ನು ಉಜ್ಜಿ ತೆಗೆದು 'ನ್ಯಾಯವಾದಿ' ಎಂದು ಕೊರೆದುಕೊಟ್ಟೆ. ಎಡತುದಿಯಲ್ಲಿ ಹಳೆಯದೊಂದು 'ಅ' ಉಳಿದುಬಿಟ್ಟಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಮೂರು ದಿನ ಅವರ ಬಾಗಿಲಲ್ಲಿ 'ಅನ್ಯಾಯವಾದಿ' ಎಂದೇ ಇತ್ತಂತೆ. ನಾಲ್ಕನೇ ದಿನ ಫಲಕ ಹೊತ್ತುಕೊಂಡು ಬಂದು, "ಏನಯ್ಯಾ, ನಾನು ಹೆಸರು ಹಾಕು ಅಂದ್ರೆ ನೀನು ನನ್ನ ಜಾತಕಾನೇ ಬರೆದಿದ್ದೀಯಲ್ಲ" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಪುಣ್ಯಕ್ಕೆ ಅವರೂ ನಕ್ಕರು.

ಗುಬ್ಬಿಗೆ ಮೊನ್ನೆ ಹನ್ನೊಂದು ತುಂಬಿತು. ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾಳೆ, ಸಾಮಾನು ಕಟ್ಟಿ ತಂದ ಪೇಪರನ್ನೂ ಬಿಡುವುದಿಲ್ಲ. "ಅತ್ತೆಗೆ ನನ್ನ ಅಕ್ಷರ ತೋರ್ಸು" ಎಂದು ಕೆಳಗೆ ತನ್ನ ಹೆಸರನ್ನು ತಾನೇ ಬರೆದಿದ್ದಾಳೆ ನೋಡು.

(ಹಿಂದೆ ನೋಡು)

ಈಗ ನಿಜವಾದ ವಿಷಯ. ನನ್ನ ಕೆಮ್ಮು ಹೋಗಲೇ ಇಲ್ಲ. ಎಕ್ಸ್‌ರೇ ತೆಗೆದರು. ಇಪ್ಪತ್ತು ವರ್ಷ ಕುಡಿದ ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತಿದೆಯಂತೆ, ಎಡಗಡೆಯದು ತೀರಾ ಕೆಟ್ಟಿದೆ. ಜುಲೈ ಒಂದಕ್ಕೆ ಗುಡ್ಡದ ಆಸ್ಪತ್ರೆಗೆ ಸೇರಬೇಕು, ಕಡಿಮೆಯೆಂದರೂ ಮೂರು ತಿಂಗಳು. ಇವಳ ತಾಯಿ ಇದ್ದಿದ್ದರೆ ನಿನಗೆ ತೊಂದರೆ ಕೊಡುತ್ತಿರಲಿಲ್ಲ. ಅಕ್ಕ, ಗುಬ್ಬಿಯನ್ನು ನಿನ್ನ ಹತ್ತಿರ ಬಿಡಲೇ? ನನಗೆ ಏನಾದರೂ ಆದರೂ ಅವಳು ನಿನ್ನ ಹತ್ತಿರವೇ ಇರಲಿ ಎಂದು ನನ್ನ ಆಸೆ. ಉದ್ದ ಬರೆಯಬೇಡ. ಹೌದು ಅಥವಾ ಇಲ್ಲ, ಒಂದು ಮಾತು ಸಾಕು. ಹೆದರಿಕೆಯಾಗುತ್ತಿದೆ.

ಪುಟ್ಟು


ಜೂನ್ ೯

ಪುಟ್ಟುವಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಅನ್ಯಾಯವಾದಿಯ ಕಥೆ ಓದಿ ಒಬ್ಬಳೇ ಕೂತು ನಕ್ಕೆ. ಗುಬ್ಬಿಗೆ ಹನ್ನೊಂದು ಎಂದರೆ ನಂಬುವುದಕ್ಕೆ ಆಗುವುದಿಲ್ಲ. ಅವಳ ಅಕ್ಷರ ಮುದ್ದಾಗಿರಲೇಬೇಕು, ನಿನ್ನ ಮಗಳಲ್ಲವೇ.

ಇಲ್ಲಿ ಎಲ್ಲ ಎಂದಿನಂತೆ. ಆಸ್ಪತ್ರೆಯ ಕ್ವಾರ್ಟರ್ಸಿಗೆ ಸುಣ್ಣ ಬಳಿಯುತ್ತಿದ್ದಾರೆ. ಅಡುಗೆಮನೆಯ ಪಾತ್ರೆಗಳೆಲ್ಲ ಹೊರಗೆ ಬಂದಿವೆ. ಈಚೆಗೆ ಯಾಕೋ ಬಾಗಿಲು ದಾಟುವಾಗೆಲ್ಲ ಬಲಭುಜ ತಾಗಿಸಿಕೊಳ್ಳುತ್ತೇನೆ. ವಯಸ್ಸು ಐವತ್ತನಾಲ್ಕಾಯಿತಲ್ಲ, ಬಾಗಿಲು ಚಿಕ್ಕದಾಗುತ್ತಿದೆಯೋ ನಾನು ದೊಡ್ಡವಳಾಗುತ್ತಿದ್ದೇನೋ. ನಾನು ಕೂರುವ ಔಷಧಿ ಕಿಟಕಿಯಲ್ಲಿ ಜನ ಜಾಸ್ತಿ.

ನೀನು ಕೊರೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯ ತಾನೇ? ಕಲ್ಲಿನ ಧೂಳು ಒಳ್ಳೆಯದಲ್ಲ. ಎಷ್ಟು ಸಲ ಹೇಳಿದ್ದೇನೆ.

ಅಕ್ಕ


ಜೂನ್ ೧೪

ಅಕ್ಕನಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನಾನು ಕೇಳಿದ್ದಕ್ಕೆ ಉತ್ತರ ಅದರಲ್ಲಿಲ್ಲ. ಸಾಲಿನ ಮೇಲೆ ಸಾಲು ಹತ್ತಿಸಿ ಬರೆದಿದ್ದೀಯ, ಅಷ್ಟು ಅವಸರವಿತ್ತೇನೋ. ಮೂಗಿಗೆ ಬಟ್ಟೆ ಕಟ್ಟಿಕೋ ಎಂದು ಈಗ ಹೇಳಿದೆಯಲ್ಲ, ಅದನ್ನು ಓದಿ ಕಾಗದವನ್ನು ಮಡಿಸಿಟ್ಟೆ.

ಮತ್ತೆ ಕೇಳುತ್ತೇನೆ. ಜುಲೈ ಒಂದರಿಂದ ಗುಬ್ಬಿ ಎಲ್ಲಿರಬೇಕು? ನಿನಗೆ ಆಗದಿದ್ದರೆ ಆಗದು ಎನ್ನು. ನನಗೆ ಬೇಜಾರಿಲ್ಲ.

ಪುಟ್ಟು


ಜೂನ್ ೧೯

ಪುಟ್ಟುವಿಗೆ ಆಶೀರ್ವಾದ.

ಕಾಗದ ಬಂತು. ಈ ಸಲ ಚಿಕ್ಕದಾಗಿ ಬರೆದಿದ್ದೀಯ. ಕೈತುಂಬ ಕೆಲಸ ಎಂದಾಯಿತು, ಸಂತೋಷ.

ನಮ್ಮ ಆಸ್ಪತ್ರೆಯ ಒಂದು ಸಂಗತಿ ಹೇಳಬೇಕು. ನಿನ್ನಲ್ಲೇ ಇಟ್ಟುಕೋ. ಇಲ್ಲೊಬ್ಬಳು ನರ್ಸ್ ಇದ್ದಾಳೆ. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಏನನ್ನೋ ಓದುತ್ತಿದ್ದಳಂತೆ. ಹಾಳೆ ತಿರುಗಿಸಿದಳು. ಹಿಂಬದಿಯಲ್ಲಿ ಒಂದಕ್ಷರವೂ ಗುರುತು ಸಿಗಲಿಲ್ಲ. ಕಣ್ಣು ಮಂಜಾಗಿರಲಿಲ್ಲ, ಒಂದೊಂದು ಗೆರೆಯೂ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಯಾವುದೂ ಏನನ್ನೂ ಹೇಳುತ್ತಿರಲಿಲ್ಲ. ಹುಟ್ಟಿದಾಗಿನಿಂದ ಬಲ್ಲವರು ಎದುರಿಗೆ ಬಂದು ನಿಂತು, ನೀನ್ಯಾರು ಎನ್ನುವಂತೆ ನೋಡಿದ ಹಾಗೆ. ಮತ್ತೆ ಮುಂಬದಿಗೆ ತಿರುಗಿಸಿದಳು. ಆಗ ತಾನೇ ಓದಿ ನಕ್ಕಿದ್ದ ಪುಟವೂ ಹಾಗೇ ಆಗಿತ್ತು.

ವಿಚಿತ್ರವೇನೆಂದರೆ ಅವಳು ಬರೆಯಬಲ್ಲಳು. ಮೊದಲಿನಂತೆಯೇ ಕೈ ಓಡುತ್ತದೆ. ಬರೆದು ಮುಗಿಸಿದ ಮೇಲೆ ತಾನೇ ಬರೆದದ್ದನ್ನು ಓದಲಾರಳು. ಹುಚ್ಚು ಹಿಡಿಯುತ್ತಿದೆಯೋ ಏನೋ ಎಂದು ಅವಳಿಗೆ ಭಯ. ಯಾರಿಗೂ ಹೇಳಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ಕ್ವಾರ್ಟರ್ಸೂ. ಇಲ್ಲಿ ಅಕ್ಕಪಕ್ಕದವರೆಲ್ಲ ಆಸ್ಪತ್ರೆಯವರೇ. ಒಬ್ಬರ ಕಿವಿಗೆ ಬಿದ್ದರೆ ಊರಿಗೇ ಡಂಗುರ.

ಹೀಗೂ ಆಗುತ್ತದೆ ಎಂದು ನೀನು ಎಲ್ಲಾದರೂ ಕೇಳಿದ್ದೀಯಾ? ತಾನಾಗಿ ಸರಿಹೋಗುತ್ತದೆಯೇ?

ಅಕ್ಕ


ಜೂನ್ ೨೪

ಅಕ್ಕನಿಗೆ,

ಆ ನರ್ಸಿನ ಮೇಲೆ ನಿನಗಿರುವ ಕನಿಕರದಲ್ಲಿ ಕಾಲುಭಾಗ ಗುಬ್ಬಿಯ ಮೇಲಿದ್ದರೆ ಸಾಕಿತ್ತು. ಮೂರು ಪುಟ ಅವಳಿಗೆ, ನನಗೆ 'ಸಂತೋಷ' ಎಂಬ ಒಂದು ಮಾತು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನೀನು ಎಂದು ಇಷ್ಟು ವರ್ಷ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೇನೆ.

ನೀನು ಕೇಳಿದೆಯಾದ್ದರಿಂದ ಹೇಳುತ್ತೇನೆ. ಓದಲು ಬಾರದವಳು ಔಷಧಿ ಮುಟ್ಟಬಾರದು. ಅವಳ ಭಯ ಅವಳಿಗೆ ದೊಡ್ಡದಿರಬಹುದು. ಅವಳ ಕೈಯಿಂದ ಮಾತ್ರೆ ಇಸಿದುಕೊಂಡವರ ಗತಿಯೇನು? ಒಬ್ಬರು ಸತ್ತ ಮೇಲೆ ಬಾಯಿಬಿಟ್ಟು ಏನು ಪ್ರಯೋಜನ? ಹೋಗಿ ಹೇಳು ಅವಳಿಗೆ.

ಗುಬ್ಬಿಯನ್ನು ನಮ್ಮ ಅಂಗಡಿಯ ಮೇಸ್ತ್ರಿಯ ಮನೆಯಲ್ಲಿ ಬಿಟ್ಟು ಹೋಗುತ್ತೇನೆ. ಅವರಿಗೇ ನಾಲ್ಕು ಮಕ್ಕಳು, ಆದರೂ ಆಗಲಿ ಎಂದರು. ಇನ್ನು ನಾನಾಗಿ ಬರೆಯುವುದಿಲ್ಲ.

ಪುಟ್ಟು


ಜುಲೈ ೨

ಪುಟ್ಟು,

ಆ ನರ್ಸ್ ನಾನೇ.

ನಿನ್ನೆ ಕಳಿಸಿದ ತಂತಿ ಈ ಹೊತ್ತಿಗೆ ಮೇಸ್ತ್ರಿಯವರ ಕೈಸೇರಿರುತ್ತದೆ. ಗುಬ್ಬಿಯನ್ನು ಕರೆದುಕೊಂಡು ಬರಲು ಬುಧವಾರ ಹೊರಡುತ್ತೇನೆ. ಮೊದಲು ನಡೆದದ್ದನ್ನು ಹೇಳುತ್ತೇನೆ, ಆಮೇಲೆ ನೀನು ಏನು ಬೇಕಾದರೂ ಅನ್ನು.

ಅಂದು ನಾನು ಓದುತ್ತಿದ್ದದ್ದು ನಿನ್ನ ಕಾಗದವೇ. ಮುಂಬದಿ ಓದಿ ನಕ್ಕು, ಹಾಳೆ ತಿರುಗಿಸಿದೆ. ಅಲ್ಲಿಂದಾಚೆಗೆ ನೀನು ಬರೆದದ್ದು ಯಾವುದೂ ನನಗೆ ತಲುಪಲಿಲ್ಲ. ನಿನ್ನ ಮೂರು ಕಾಗದಗಳನ್ನೂ ಕೈಯಲ್ಲಿ ಹಿಡಿದು ತೂಗಿ ನೋಡುತ್ತಿದ್ದೆ. ತೆಳ್ಳಗಿದ್ದರೆ ಕೆಲಸ ಜಾಸ್ತಿ ಎಂದುಕೊಂಡೆ. ಕೊನೆಯದರಲ್ಲಿ ಪೆನ್ನು ಒತ್ತಿ ಹಿಂಬದಿಗೆ ಗೆರೆ ಮೂಡಿತ್ತು. ಏನೋ ಸಿಟ್ಟು ಎಂದು ಮಾತ್ರ ಗೊತ್ತಾಯಿತು, ಯಾಕೆಂದು ಗೊತ್ತಾಗಲಿಲ್ಲ.

ಕಿಟಕಿಯಲ್ಲಿ ಹೇಗೋ ದಿನ ದೂಡಿದೆ. ಮೂವತ್ತು ವರ್ಷದ ಕೈ. ಯಾವ ಬಾಟಲಿ ಎಲ್ಲಿದೆ ಎಂದು ನೋಡದೆಯೇ ಗೊತ್ತು. ಹಳೆಯ ರೋಗಿಗಳ ಮುಖ ನೋಡಿದರೆ ಅವರ ಮಾತ್ರೆ ನೆನಪಿಗೆ ಬರುತ್ತದೆ. ಹೊಸಬರು ಬಂದರೆ "ಸ್ಟಾಕ್ ಮುಗಿದಿದೆ, ಪಕ್ಕದ ಕಿಟಕಿಗೆ ಹೋಗಿ" ಎನ್ನುತ್ತಿದ್ದೆ. ದಿನಾ ಮನೆಗೆ ಬಂದು, ಇವತ್ತು ಯಾರಿಗೂ ಏನೂ ಆಗಲಿಲ್ಲ ಎಂದುಕೊಂಡು ಕೂರುತ್ತಿದ್ದೆ.

ಮೊನ್ನೆ ಮಧ್ಯಾಹ್ನ ಮೂರು ಗಂಟೆಗೆ ಪಕ್ಕದ ಕಿಟಕಿಯಾತ ಅಂದ, "ಮೇಡಂ, ಹೊಸ ಸ್ಟಾಕ್ ಬಂತಲ್ಲ, ಖಾನೆ ಬದಲಾಯ್ಸಿದ್ದಾರೆ. ಹೃದಯದ ಮಾತ್ರೆ ಇದ್ದ ಕಡೆ ಈಗ ಸಕ್ಕರೆ ಕಾಯಿಲೆದು ಇದೆ. ನೋಡ್ಕೊಳಿ."

ಬೆಳಗಿನಿಂದ ಆ ಖಾನೆಗೆ ಒಂದೇ ಸಲ ಕೈಹಾಕಿದ್ದೆ. ಇಸ್ತ್ರಿ ಅಂಗಡಿಯ ಹೆಂಗಸಿಗೆ. ವಾರಕ್ಕೊಮ್ಮೆ ಬರುವವಳು. ಮುಖ ಗೊತ್ತು, ಮನೆ ಗೊತ್ತಿಲ್ಲ. ಸಕ್ಕರೆ ಕಾಯಿಲೆ ಇಲ್ಲದವರು ಆ ಮಾತ್ರೆ ನುಂಗಿದರೆ ರಕ್ತದ ಸಕ್ಕರೆ ಇಳಿದು ಪ್ರಾಣಕ್ಕೇ ಕುತ್ತು ಎಂದು ನನಗೆ ಚೆನ್ನಾಗಿ ಗೊತ್ತು.

ಆಗಲೂ ಬಾಯಿಬಿಡಲಿಲ್ಲ ಪುಟ್ಟು. ಇದನ್ನು ನಾನು ಮುಚ್ಚಿಡುವುದಿಲ್ಲ. ಕಬ್ಬಿಣದ ಕಡ್ಡಿಗೆ ಚುಚ್ಚಿಟ್ಟ ಔಷಧಿ ಚೀಟಿಗಳನ್ನು ಮೇಲಿನಿಂದ ಎಣಿಸಿ ಅವಳದನ್ನು ತೆಗೆದೆ. ಡಾಕ್ಟರ ಗೀಚಿನ ಮೇಲೆ ಹೆಸರು, ಬೀದಿ, ಮನೆ ನಂಬರು ಎಲ್ಲ ಇತ್ತು. ನನ್ನ ಪಾಲಿಗೆ ಬರೀ ಗೆರೆ. ಆತನನ್ನು ಕೇಳಿದರೆ ಒಂದು ನಿಮಿಷದ ಮಾತು. ಕೇಳಲಿಲ್ಲ. ಹೊಟ್ಟೆನೋವು ಎಂದು ಹೇಳಿ ಹಿಂದಿನ ಕೋಣೆಗೆ ಹೋದೆ. ಏನು ಮಾಡಬೇಕೆಂದು ತಿಳಿಯದೆ ಪೆನ್ಸಿಲ್ ತೆಗೆದುಕೊಂಡು ಆ ಗೆರೆಗಳ ಮೇಲೆಯೇ ಎಳೆಯುತ್ತ ಹೋದೆ. ಕೈ ಸುತ್ತಿ ಬಂದು, ಕೆಳಗಿಳಿದು, ಕೊಂಬು ಎಳೆಯಿತು. ನನ್ನ ಬಾಯಿ "ಮು" ಅಂದಿತು. ಮುಂದಿನದನ್ನು ಎಳೆದೆ. "ಖ್ಯ". ಮುಖ್ಯ ಬೀದಿಯ ಹಿಂದಿನ ಸಂದಿ, ಮನೆ ನಂಬರು ಹದಿನೇಳು. ಕಣ್ಣು ಮರೆತದ್ದನ್ನು ಕೈ ಮರೆತಿರಲಿಲ್ಲ.

ಸಂದಿಗೆ ಓಡಿದೆ. ಬಾಗಿಲುಗಳ ಮೇಲೆ ತಗಡಿನ ನಂಬರುಗಳು. ಒಂದೊಂದರ ಮೇಲೂ ಬೆರಳಾಡಿಸುತ್ತ ಹೋದೆ. ಎತ್ತರದಲ್ಲಿದ್ದವು ಎಟುಕಲಿಲ್ಲ. ಕಟ್ಟೆಯ ಮೇಲೆ ಕೂತಿದ್ದವನೊಬ್ಬ, "ಯಾರ್ ಬೇಕಮ್ಮಾ? ಕಣ್ಣು ಕಾಣ್ಸಲ್ವಾ?" ಅಂದ.

"ಕಾಣ್ಸುತ್ತೆ," ಅಂದೆ. "ಓದೋಕೆ ಬರಲ್ಲ ನಂಗೆ. ಹದಿನೇಳನೇ ನಂಬರು ಯಾವ್ದು ತೋರ್ಸಿ."

ಮೂರು ವಾರ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಗುರುತಿಲ್ಲದವನ ಮುಂದೆ ಹಾಗೆ ಬಂದುಬಿಟ್ಟಿತು. ಅವನಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. ಎದ್ದು ಬಂದು ತೋರಿಸಿದ.

ಆಕೆ ಮಂಚದ ಮೇಲೆ ಬೆವರಿ ತೊಯ್ದುಹೋಗಿದ್ದಳು. ಏನೋ ಬಡಬಡಿಸುತ್ತಿದ್ದಳು. ಸೊಸೆ, "ಊಟ ಬೇಡ ಅಂದ್ರು. ಆಮೇಲಿಂದ ಮಾತು ತೊದಲ್ತಾ ಇದೆ. ಕೆಂಡದ ಮುಂದೆ ನಿಂತೂ ನಿಂತೂ ಸುಸ್ತಾಗಿದೆ ಅಂದ್ಕೊಂಡ್ವಿ" ಅಂದಳು. ಸಕ್ಕರೆ ಕೇಳಿ ಇಸಿದುಕೊಂಡು, ನೀರಲ್ಲಿ ಕದಡಿ, ತಲೆ ಎತ್ತಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿದೆ. ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದೆವು. ಬಾಗಿಲಲ್ಲೇ ಡಾಕ್ಟರಿಗೆ ಎಲ್ಲ ಹೇಳಿದೆ, ಎಲ್ಲರ ಎದುರಿಗೆ.

ಬದುಕಿದಳು. ನಿನ್ನೆ ಬೆಳಿಗ್ಗೆ ಎದ್ದು ಕೂತಿದ್ದಳು. ಕಾಲು ಹಿಡಿಯಲು ಹೋದೆ, ಬಿಡಲಿಲ್ಲ. "ಬಣ್ಣ ಬೇರೆ ಇತ್ತು ಮೇಡಂ. ನುಂಗೋವಾಗ್ಲೇ ಗೊತ್ತಾಯ್ತು," ಅಂದಳು. "ಆದ್ರೆ ನಾನು ಓದ್ದೋಳಲ್ಲ, ನೀವು ಓದ್ದೋರು. ನಿಮಗಿಂತ ನಂಗೆ ಜಾಸ್ತಿ ಗೊತ್ತಾ ಅಂತ ನುಂಗ್ಬಿಟ್ಟೆ."

ನನಗೂ ಪರೀಕ್ಷೆ ಮಾಡಿದರು. ಮಿದುಳಿನಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿದೆಯಂತೆ. ಕಣ್ಣೂ ಸರಿಯಿದೆ, ಮಾತು ಇಟ್ಟುಕೊಂಡಿರುವ ಜಾಗವೂ ಸರಿಯಿದೆ, ಎರಡರ ನಡುವಿನ ದಾರಿ ಕಡಿದುಹೋಗಿದೆ. ಹುಚ್ಚಲ್ಲ ಅಂದರು. ಅದರಿಂದ ಬಲಗಡೆಯ ನೋಟವೂ ಕಡಿಮೆಯಾಗಿದೆಯಂತೆ, ಭುಜಕ್ಕೆ ಬಾಗಿಲು ತಾಗುವುದು ಅದಕ್ಕೇ. ಔಷಧಿ ಕಿಟಕಿ ಇನ್ನು ನನಗಿಲ್ಲ. ವಿಚಾರಣೆ ನಡೆಯುತ್ತದೆ. ಅಲ್ಲಿಯವರೆಗೆ ಕ್ವಾರ್ಟರ್ಸಿನಲ್ಲಿರಬಹುದು.

ನಿನ್ನೆ ಮನೆಗೆ ಬಂದು ನಿನ್ನ ಕಾಗದಗಳನ್ನು ಬಿಡಿಸಿಕೊಂಡು ಕೂತೆ. ಮೊದಲನೆಯದರ ಹಿಂಬದಿಗೇ ಮಧ್ಯಾಹ್ನವಾಯಿತು. ಒಂದೊಂದೇ ಅಕ್ಷರ ಎಳೆದುಕೊಂಡು ಹೋಗುವಾಗ ಶ ಬಂತು, ಕೆಳಗೆ ವ ಒತ್ತು, ದೀರ್ಘ, ಆಮೇಲೆ ಸ. ಅಲ್ಲಿ ಬೆರಳು ನಿಲ್ಲಿಸಿದೆ. ಶ್ವಾಸ ಎಂದರೆ ಬರೀ ಉಸಿರು, ಅದರಲ್ಲಿ ಹೆದರುವುದೇನಿದೆ ಎಂದುಕೊಂಡೆ. ಆಮೇಲೆ 'ಕೋಶ' ಬಂತು. ಹಾಳೆ ಬಿಟ್ಟು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಸಂಜೆಯೊಳಗೆ ಉಳಿದೆರಡನ್ನೂ ಹಾಗೇ ಎಳೆದು ಓದಿ, ಮೇಸ್ತ್ರಿಯವರಿಗೆ ತಂತಿ ಕಳಿಸಿದೆ.

ನೀನು ಕೇಳಿದ ಒಂದು ಮಾತು ಹೌದು. ಹೌದು, ಹೌದು. ತಿಂಗಳ ಹಿಂದೆಯೇ ಹೇಳಬೇಕಿತ್ತು.

ಅಕ್ಕ


ಜುಲೈ ೧೦, ಗುಡ್ಡದ ಆಸ್ಪತ್ರೆ

ಅಕ್ಕ,

ನಿನಗೆ ಸುಲಭವಾಗಲಿ ಎಂದು ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ಮೇಸ್ತ್ರಿಯವರು ಬಂದು, ಗುಬ್ಬಿ ನಿನ್ನ ಜೊತೆ ರೈಲು ಹತ್ತಿದಳು ಎಂದರು. ಅವಳು ಅಳಲಿಲ್ಲವಂತೆ. ಸ್ಟೇಷನ್ನಿನ ಬೋರ್ಡುಗಳನ್ನೆಲ್ಲ ನಿನಗೆ ಓದಿ ಹೇಳುತ್ತಿದ್ದಳಂತೆ.

'ಒಬ್ಬರು ಸತ್ತ ಮೇಲೆ' ಎಂದು ಬರೆದಿದ್ದೆನಲ್ಲ, ಅದನ್ನು ನೀನು ಒಂದೊಂದೇ ಅಕ್ಷರವಾಗಿ ಎಳೆದು ಓದಿರುತ್ತೀಯ. ಕಲ್ಲಿನಲ್ಲಾದರೆ ಉಜ್ಜಿಬಿಡುತ್ತಿದ್ದೆ. ಕ್ಷಮಿಸು.

ಪುಟ್ಟು


ಸೆಪ್ಟೆಂಬರ್ ೫

ಅಕ್ಕ, ಈ ಕಾಗದವನ್ನು ನೀನೇ ಬೆರಳಿನಿಂದ ಓದು. ಗುಬ್ಬಿಯ ಕೈಗೆ ಕೊಡಬೇಡ.

ಬಲಗಡೆಯ ಶ್ವಾಸಕೋಶವೂ ಹಾಳಾಗಿದೆ. ಇನ್ನು ಎಡಗಡೆಯದನ್ನು ಕತ್ತರಿಸಿ ತೆಗೆದೂ ಪ್ರಯೋಜನವಿಲ್ಲ ಅಂದರು. ಈ ವರ್ಷ ದಾಟಿದರೆ ದೊಡ್ಡದಂತೆ. ರಾತ್ರಿ ಮಲಗಿದರೆ ಉಸಿರು ಸಿಗುವುದಿಲ್ಲ, ಕೂತೇ ಇರುತ್ತೇನೆ. ಅವಳಿಗೆ ಏನೆಂದು, ಯಾವ ಮಾತಿನಲ್ಲಿ ಹೇಳುವುದು? ನನಗೆ ತೋಚುತ್ತಿಲ್ಲ. ನೀನು ಯೋಚಿಸು.

ಪುಟ್ಟು


ಸೆಪ್ಟೆಂಬರ್ ೧೨

ಪುಟ್ಟುವಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂದಾಗ ನಾನು ನಲ್ಲಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದೆ. ಅಂಚೆಯವನು ಗುಬ್ಬಿಯ ಕೈಗೆ ಕೊಟ್ಟು ಹೋದ. ಎರಡು ತಿಂಗಳಿಂದ ನಿನ್ನ ಕಾಗದಗಳನ್ನೆಲ್ಲ ಅವಳೇ ಓದಿ ಹೇಳುತ್ತಿದ್ದಳಲ್ಲ, ನಾನು ಒಳಗೆ ಬರುವಷ್ಟರಲ್ಲಿ ಒಡೆದಿದ್ದಳು.

"ಏನಂತೆ ಅಪ್ಪಂದು?" ಅಂದೆ.

ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಊಟ ಚೆನ್ನಾಗಿದೆಯಂತೆ. ಕಿಟಕಿಯಿಂದ ಗುಡ್ಡ ಕಾಣುತ್ತದಂತೆ. ಕೆಮ್ಮು ಅರ್ಧ ಇಳಿದಿದೆಯಂತೆ. ಪಕ್ಕದ ಮಂಚದ ಮುದುಕರು ನಿದ್ದೆಯಲ್ಲಿ ಹಾಡುತ್ತಾರಂತೆ. ಎಲ್ಲವೂ ನಿನ್ನದೇ ಧಾಟಿ, ನಡುನಡುವೆ ನಿನ್ನ ಹಾಗೆಯೇ 'ನೋಡು' ಎಂದು. ನಾನು ನಕ್ಕೆ. ಅವಳೂ ನಕ್ಕಳು. ಕಾಗದವನ್ನು ಮಡಿಸಿ ತನ್ನ ಪುಸ್ತಕದೊಳಗೆ ಇಟ್ಟುಕೊಂಡಳು.

ಅಂದಿನಿಂದ ಅವಳು ಓದುವುದನ್ನೇ ಬಿಟ್ಟಳು. ಪೊಟ್ಟಣದ ಪೇಪರೂ ಬೇಡ, ಅಂಗಡಿ ಬೋರ್ಡೂ ಬೇಡ. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು. ನನಗೆ ಒಳಗೊಳಗೇ ದಿಗಿಲಾಯಿತು. ನಾಲ್ಕನೇ ದಿನ ಅವಳು ಶಾಲೆಗೆ ಹೋದ ಮೇಲೆ ಕಾಗದ ಹುಡುಕಿ ತೆಗೆದೆ. ಎಷ್ಟು ಚಿಕ್ಕದಿತ್ತು ಅದು. ಅಷ್ಟುದ್ದ ಓದಿದ್ದಳಲ್ಲ. ಬೆರಳಿಟ್ಟೆ. 'ಗುಬ್ಬಿಯ ಕೈಗೆ' ಎನ್ನುವಷ್ಟರಲ್ಲೇ ತಿಳಿಯಿತು. ಆದರೂ ಕೊನೆಯವರೆಗೆ ಎಳೆದೆ.

ಸಂಜೆ ಅವಳು ಬಂದಾಗ ಕಾಗದ ನನ್ನ ಮಡಿಲಲ್ಲಿತ್ತು. ಅವಳು ಬಾಗಿಲಲ್ಲೇ ನಿಂತಳು. "ಓದಿದ್ರಾ ಅತ್ತೆ?" ಅಂದಳು.

"ಓದ್ದೆ ಕಂದಾ."

"ನಾನು ಬಾಯಲ್ಲಿ ಹೇಳ್ಬಿಟ್ರೆ ನಿಜ ಆಗ್ಬಿಡುತ್ತೆ ಅನ್ನಿಸ್ತು. ಅದಕ್ಕೆ ಬೇರೆ ಹೇಳ್ದೆ. ನಿಮಗೆ ಓದೋಕೆ ತುಂಬಾ ಹೊತ್ತು ಬೇಕಲ್ಲ, ಅಷ್ಟರಲ್ಲಿ ಅಪ್ಪ ಇನ್ನೊಂದು ಕಾಗದ ಬರೀತಾರೆ, ಅದ್ರಲ್ಲಿ ವಾಸಿಯಾಯ್ತು ಅಂತ ಇರುತ್ತೆ ಅಂದ್ಕೊಂಡೆ."

ಮೂರು ವಾರ ನಾನೂ ಅದನ್ನೇ ಮಾಡಿದವಳು. ಹತ್ತಿರ ಕೂರಿಸಿಕೊಂಡು, "ನಾನೂ ಹೇಳದೆ ಇದ್ದೆ, ನಿಜ ಆಗೋದು ಆಗೇ ಆಯ್ತು," ಅಂದೆ. ಆಗ ಅತ್ತಳು. ಇಲ್ಲಿಗೆ ಬಂದ ಮೇಲೆ ಮೊದಲನೇ ಸಲ. ಅತ್ತು ಮುಗಿದ ಮೇಲೆ ಅವಳೇ ಕಾಗದ ತೆಗೆದುಕೊಂಡು, ಇದ್ದದ್ದನ್ನು ಇದ್ದ ಹಾಗೆ, ಮೊದಲಿನಿಂದ ಜೋರಾಗಿ ಓದಿದಳು. 'ಉಸಿರು ಸಿಗುವುದಿಲ್ಲ' ಎಂಬಲ್ಲಿ ಮಾತ್ರ ನಿಂತಳು. ಆ ಸಾಲನ್ನು ನಾನು ಹೇಳಿದೆ.

ಅವಳಿಗೆ ಯಾವ ಮಾತಿನಲ್ಲಿ ಹೇಳಲಿ ಎಂದು ಕೇಳಿದ್ದೆಯಲ್ಲ, ಆ ಕೆಲಸ ಮುಗಿದಿದೆ. ಭಾನುವಾರ ಬೆಳಗಿನ ಗಾಡಿಗೆ ಇಬ್ಬರೂ ಬರುತ್ತೇವೆ. ಉಳಿಯುವ ಹಾಗೆಯೇ ಬರುತ್ತೇವೆ. ವಿಚಾರಣೆ ಮುಗಿಯಲಿ ಎಂದು ಕಾಯುವುದಿಲ್ಲ, ಕ್ವಾರ್ಟರ್ಸ್ ಬಿಡುತ್ತೇನೆಂದು ಆಫೀಸಿಗೆ ಹೇಳಿಯಾಯಿತು. ಆಸ್ಪತ್ರೆಯ ಕೆಳಗಿನ ಬೀದಿಯಲ್ಲಿ ಒಂದು ಕೋಣೆ ನೋಡಿರುವಂತೆ ಮೇಸ್ತ್ರಿಯವರಿಗೆ ಬರೆದಿದ್ದೇನೆ. ಗುಬ್ಬಿ ನಿನ್ನನ್ನು ಏನೋ ಕೇಳಬೇಕಂತೆ. ಏನೆಂದು ನನಗೂ ಹೇಳಲಿಲ್ಲ. ಕೇಳಿದಾಗ ಅವಳ ಮುಖ ನೋಡಿಕೊಂಡು ಉತ್ತರ ಹೇಳು. ಉಸಿರು ಸಾಲದಿದ್ದರೆ ಒಂದೇ ಮಾತಿನಲ್ಲಿ ಹೇಳು.

ಅಕ್ಕ